ಒಂದೇ ಪ್ರತಿ

ಮೂರನೆಯ ಹಾಳೆಯನ್ನೂ ಲಕ್ಷ್ಮೀ ನಾಲ್ಕು ತುಂಡು ಮಾಡಿ ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಗೆ ಹಾಕಿದಳು. ಹೊರಗೆ ಪ್ರೆಸ್ಸಿನ ಯಜಮಾನ ಕಮಲಾಕರ ಹೆಗಡೆಯವರು ವ್ಯಾನಿನಲ್ಲಿ ಕುಳಿತು ಎರಡು ಸಲ ಹಾರ್ನ್ ಮಾಡಿದ್ದರು. ಈಗ ಇಳಿದು ಪ್ರೆಸ್ಸಿನ ಒಳಗೇ ಬಂದು ನಿಂತರು.

"ಎಂತ ಮಾಡ್ತಾ ಇದ್ಯೇ ಲಕ್ಷ್ಮೀ? ಹೊತ್ತಾತು. ಮೂರು ಗಂಟೆಗೆ ಮಣ್ಣು ಕೊಡ್ತ ಹೇಳಿ ಫೋನ್ ಬಂಜು."

"ಅಕ್ಷರ ಕೂರ್ತಾ ಇಲ್ಲೆ ಕಮಲಾಕರಣ್ಣ."

"ಒಂದು ಹೆಸರು ಹಾಕಲೆ ಎಷ್ಟೊತ್ತು ಬೇಕೇ? ಪಾರ್ವತವ್ವ ಆಗಿದ್ರೆ ಇಷ್ಟೊತ್ತಿಗೆ ಅಕ್ಷರ ಆರ್ಸಿ, ಕೈ ತೊಳ್ಕಂಡು, ಚಾನೂ ಕುಡಿದಾಗ್ತಿತ್ತು."

ಹೇಳಿದ ಮೇಲೆ ಅವರಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಸತ್ತವಳು ಪಾರ್ವತವ್ವನೇ.

ಅವಳು ಶಿರಸಿಯ ಆ ಪ್ರೆಸ್ಸಿನಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದವಳು. ಕಂಪ್ಯೂಟರ್ ಬಂದ ಮೇಲೆ, ಆರು ವರ್ಷದಿಂದ, ಬನವಾಸಿ ದಾರಿಯ ತನ್ನ ಹಳ್ಳಿಯಲ್ಲಿದ್ದಳು. ಪ್ರೆಸ್ಸಿನವರು ಯಾರಾದರೂ ತೀರಿಕೊಂಡರೆ ಅವರ ಹೆಸರನ್ನು ದೊಡ್ಡ ಅಕ್ಷರದಲ್ಲಿ ಒಂದು ಹಾಳೆಗೆ ಹಾಕಿ ಅವರ ಜೊತೆಗೇ ಕಳಿಸುವುದು ಅಲ್ಲಿಯ ಪದ್ಧತಿ. ಹೆಸರು ಬಿಟ್ಟರೆ ಮತ್ತೊಂದು ಶಬ್ದವಿಲ್ಲ. ಒಂದೇ ಪ್ರತಿ. ಸುಡುವವರಾದರೆ ಬೆಂಕಿಗೆ, ಹೂಳುವವರಾದರೆ ಮಣ್ಣಿಗೆ. ಇದಕ್ಕೆ ಇನ್ನೊಂದು ಕಟ್ಟಳೆಯೂ ಅಂಟಿಕೊಂಡಿತ್ತು. ಸತ್ತವರ ಹೆಸರಿಗೆ ಯಾವ ಬಗೆಯ ಅಕ್ಷರ ಹಾಕಿದರೋ ಅದನ್ನು ಒಂದು ವರ್ಷದ ತನಕ ಮದುವೆ ಕಾಗದಕ್ಕೆ ಹಾಕುವಂತಿಲ್ಲ. ಸೀಸದ ಅಚ್ಚುಮೊಳೆಗಳ ಕಾಲದಲ್ಲಿ ಆ ಮೊಳೆಗಳನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟುಬಿಡುತ್ತಿದ್ದರು. ಕಂಪ್ಯೂಟರಿನ ಅಕ್ಷರವನ್ನು ಬಟ್ಟೆಯಲ್ಲಿ ಕಟ್ಟಲು ಬರುವುದಿಲ್ಲ. ಆದರೂ ನಡೆದುಬಂದದ್ದು ನಡೆದುಬಂದದ್ದೇ.

ಲಕ್ಷ್ಮಿಯ ಸಂಕಟ ಇದ್ದದ್ದು ಅಲ್ಲಿ. ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ಬಂದ ಒಂದು ಸೀಡಿಯಲ್ಲಿ ನಲವತ್ತು ಬಗೆಯ ಅಕ್ಷರಗಳಿದ್ದವು. ಹೆಸರಿಲ್ಲ, ಬರೀ ನಂಬರು. ಇಪ್ಪತ್ತೇಳನೆಯದನ್ನು ಕಂಡ ದಿನ ಅವಳು ಕುರ್ಚಿಯಿಂದ ಏಳಲಿಲ್ಲ. ಯಾರೋ ಹೇಳುವುದನ್ನು ಕೇಳಲು ತಲೆ ಓರೆ ಮಾಡಿದ ಹಾಗೆ ತಲೆಕಟ್ಟು ಒಂದಿಷ್ಟೇ ಬಾಗಿತ್ತು. ಒತ್ತಕ್ಷರಗಳು ಕೆಳಗೆ ನೇತುಬೀಳದೆ ತಾಯಿಯ ಸೊಂಟದಲ್ಲಿ ಕುಳಿತ ಕೂಸಿನಂತಿದ್ದವು. ಬರುವ ವೈಶಾಖದಲ್ಲಿ ಮಗಳು ದೀಕ್ಷಿತಾಳ ಮದುವೆ. ಎಂದಾದರೂ ಅವಳ ಮದುವೆಯಾದರೆ ಕಾಗದ ಇದೇ ಅಕ್ಷರದಲ್ಲಿ ಎಂದು ಲಕ್ಷ್ಮೀ ಅಂದೇ ನಿಶ್ಚಯಿಸಿ, ಈವರೆಗೆ ಒಂದು ಗಿರಾಕಿಗೂ ತೋರಿಸಿರಲಿಲ್ಲ. ಪಾರ್ವತವ್ವನಿಗಂತೂ ಇಲ್ಲವೇ ಇಲ್ಲ. ಅವಳಿಗೆ ತೋರಿಸಿದರೆ, ಅವಳು ಹೂಂ ಅಂದರೆ, ಅದು ಅವಳದಾಗಿಬಿಡುತ್ತಿತ್ತು.

ಬೆಳಗಿನಿಂದ ಉಳಿದ ಅಕ್ಷರಗಳನ್ನೆಲ್ಲ ಹಾಕಿ ನೋಡಿದ್ದಳು. ಒಂದರಲ್ಲಿ 'ಪಾರ್ವತವ್ವ' ಸಾಬೂನಿನ ಜಾಹೀರಾತಿನಂತೆ ಕಂಡಿತು. ಇನ್ನೊಂದರಲ್ಲಿ ಸಹಕಾರಿ ಸಂಘದ ಫಲಕ. ಮೂರನೆಯದರಲ್ಲಿ 'ವ್ವ'ದ ಒತ್ತು ಕಾಲಿಗೆ ಕಟ್ಟಿದ ಕಲ್ಲು. ಕಡೆಗೆ ಎಲ್ಲ ನೋಟೀಸಿಗೂ ಹಾಕುವ ಸಾದಾ ಅಕ್ಷರದಲ್ಲಿ ಹೆಸರನ್ನು ಹೊಡೆದು ತೆಗೆದಳು. ತಪ್ಪೇನೂ ಇಲ್ಲ, ಚೆಂದವೂ ಇಲ್ಲ. ಮೂರು ತಾಸಿನಲ್ಲಿ ಮಣ್ಣಿಗೆ ಹೋಗುವ ಹಾಳೆಗೆ ಇಷ್ಟು ಸಾಕು ಎಂದುಕೊಂಡಳು. ಆಮೇಲೆ, ಸುಮ್ಮನೆ ನೋಡಲಿಕ್ಕೆ, ಇಪ್ಪತ್ತೇಳನೆಯದರಲ್ಲೂ ಒಂದು ತೆಗೆದಳು. ಪ್ರಿಂಟರಿನಲ್ಲಿ ಆ ಹೊತ್ತು ಇದ್ದದ್ದು ಪ್ಲೇಟ್ ಮಾಡಲು ಬಳಸುವ ತೆಳ್ಳನೆಯ ಟ್ರೇಸಿಂಗ್ ಹಾಳೆ. ಎರಡನ್ನೂ ಸುರುಳಿ ಸುತ್ತಿದಳು. ಸಾದಾದ್ದು ಹೊರಗೆ, ಇಪ್ಪತ್ತೇಳನೆಯದು ಒಳಗೆ.

"ಆತಾ?" ಎಂದರು ಹೆಗಡೆಯವರು.

"ಆತು," ಎಂದಳು.

*

ತೊಂಬತ್ತನೆಯ ಇಸವಿಯಲ್ಲಿ ತಲೆಬರಹದ ಕೇಸು, ಅಂದರೆ ದೊಡ್ಡ ಅಕ್ಷರಗಳನ್ನಿಡುವ ಮರದ ಖಾನೆ, ಲಕ್ಷ್ಮಿಯ ವಶದಲ್ಲಿತ್ತು. ಸಿದ್ದಾಪುರದ ಮನ್ಮನೆಯಿಂದ ಶಿರಸಿಗೆ ಮದುವೆಯಾಗಿ ಬಂದವಳು. ಎಸ್ಸೆಸ್ಸೆಲ್ಸಿ ಮೊದಲ ದರ್ಜೆ. ಪಾರ್ವತವ್ವ ಗಂಡ ಸತ್ತ ಮೇಲೆ, ಅಚ್ಚು ಹೊಡೆದ ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯಲು ಬಂದು ಸೇರಿದವಳು. ಓದಲು ಕಲಿತದ್ದೇ ಆಮೇಲೆ, ರಾತ್ರಿ ಶಾಲೆಯಲ್ಲಿ, ಮಗಳ ಸ್ಲೇಟು ಹಿಡಿದುಕೊಂಡು ಹೋಗಿ.

ಆ ವರ್ಷ ಯಲ್ಲಾಪುರದಲ್ಲಿ ಕಣ್ಣು ತಪಾಸಣೆಯ ಶಿಬಿರವಿತ್ತು. ಅದರ ಪರವಾಗಿ ಮಂಜಪ್ಪ ಎಂಬವರು ಗೋಡೆಗೆ ಹಚ್ಚುವ ಪೋಸ್ಟರಿಗೆಂದು ಬಂದಿದ್ದರು. ಪ್ರೆಸ್ಸಿನಲ್ಲಿದ್ದ ಅತಿ ಚೆಂದದ ಅಕ್ಷರವನ್ನು ಲಕ್ಷ್ಮೀ ಆರಿಸಿದಳು. ತೆಳ್ಳಗೆ, ಅಂಚಿಗೆಲ್ಲ ಬಳ್ಳಿ ಸುತ್ತಿಕೊಂಡಂಥ ಅಕ್ಷರ. ಮಂಜಪ್ಪ ಪ್ರೂಫು ನೋಡಿ ತಲೆದೂಗಿದರು.

ಮೂಲೆಯಲ್ಲಿ ಮೊಳೆ ತೊಳೆಯುತ್ತಿದ್ದ ಪಾರ್ವತವ್ವ ಕತ್ತು ಚಾಚಿ ನೋಡಿದಳು. "ಲಕ್ಷ್ಮಕ್ಕ, ಇದನ್ನ ನೋಡಿ ಯಾರು ಬರಬೇಕ್ರಿ?"

"ಕಣ್ಣು ಸರಿ ಇಲ್ದವ್ರು."

"ಮತ್ತ ಈ ಬಳ್ಳಿ ಯಾರು ನೋಡವ್ರು?"

ಮಂಜಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಮಲಾಕರ ಹೆಗಡೆಯವರೂ ನಕ್ಕರು. ಪಾರ್ವತವ್ವ ಸೀರೆಗೆ ಕೈ ಒರೆಸಿಕೊಂಡು ಬಂದು, ಎಲ್ಲಕ್ಕಿಂತ ಕೆಳಗಿನ ಖಾನೆಯಿಂದ ನಾಟಕದ ಕಂಪನಿಯವರು ಬಳಸುತ್ತಿದ್ದ ದಪ್ಪ ಮರದ ಅಕ್ಷರಗಳನ್ನು ಎತ್ತಿದಳು. ಜೋಡಿಸಿ ಒಂದು ಪ್ರೂಫು ತೆಗೆಸಿದಳು. ಅದನ್ನು ಒಯ್ದು ರಸ್ತೆಯಾಚೆಯ ಗೋಡೆಗೆ ಅಂಟಿಸಿ, ಈಚೆ ಬಂದು ನಿಂತು, ಸೊಪ್ಪು ಮಾರುವ ಮುದುಕಿಯೊಬ್ಬಳನ್ನು ಕರೆದಳು.

"ಯವ್ವಾ, ಅದು ಕಾಣ್ತೈತೇನ?"

"ಕಾಣ್ತೈತಿ. ಓದಾಕ ಬರಂಗಿಲ್ಲ ನನಗ."

"ಓದೂದು ಬ್ಯಾಡ. ಯಾರೋ ಕರದಂಗ ಐತೋ, ಬೈದಂಗ ಐತೋ, ಅಷ್ಟ ಹೇಳು."

ಮುದುಕಿ ಬುಟ್ಟಿ ಇಳಿಸಿ, ಕಣ್ಣ ಮೇಲೆ ಕೈ ಹಿಡಿದು ನೋಡಿದಳು. "ಕರದಂಗ ಐತಿ."

ಶಿಬಿರಕ್ಕೆ ಜನ ಜಾತ್ರೆಯಂತೆ ಬಂದರಂತೆ. ಅಂದಿನಿಂದ ತಲೆಬರಹದ ಕೇಸು ಪಾರ್ವತವ್ವನದಾಯಿತು. ಲಕ್ಷ್ಮಿಗೆ ಒಳಪುಟದ ಸಣ್ಣ ಮೊಳೆಗಳು. ಗಿರಾಕಿಗಳು ಬಾಗಿಲಲ್ಲೇ ಕೇಳುತ್ತಿದ್ದರು, "ಪಾರ್ವತವ್ವ ಇದ್ದಾಳಾ? ಅವಳೇ ಆರಿಸ್ಲಿ."

ಬಳ್ಳಿ ಅಕ್ಷರಗಳನ್ನು ಬಿಚ್ಚಿ ಮತ್ತೆ ಖಾನೆಗೆ ಹಾಕುವ ಕೆಲಸ ಲಕ್ಷ್ಮಿಯ ಪಾಲಿಗೆ ಬಂತು. ಅವಳು 'ಕ'ವನ್ನು 'ತ'ದ ಮನೆಗೆ, 'ತ'ವನ್ನು 'ಸ'ದ ಮನೆಗೆ ಹಾಕಿದಳು. ಬೇಕೆಂದೇ. ಹಾಗೆ ಮಾಡಿದರೆ ಮುಂದೆ ಜೋಡಿಸುವವರ ಒಂದು ದಿನ ಹಾಳು. ಮಾರನೆಯ ದಿನ ಪಾರ್ವತವ್ವ ಕುಕ್ಕರುಗಾಲಲ್ಲಿ ಕುಳಿತು ಒಂದೊಂದನ್ನೇ ಆರಿಸಿ ಸರಿಯಾದ ಮನೆಗೆ ಹಾಕಿದಳು. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

*

ಪಾರ್ವತವ್ವನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕುಳ್ಳಿರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಮಾಲೆ. ಪಕ್ಕದಲ್ಲಿ ನಾಲ್ಕೈದು ಜನ ತಾಳ ಹಿಡಿದು ಭಜನೆ ಹೇಳುತ್ತಿದ್ದರು. ಪ್ರೂಫು ಬರುವುದನ್ನು ಕಾಯುತ್ತ ಕುಳಿತಾಗ ಅವಳು ಹೀಗೆಯೇ ಕುಳಿತಿರುತ್ತಿದ್ದಳು ಎಂದು ಲಕ್ಷ್ಮಿಗೆ ಅನಿಸಿತು. ಹೂವು ಇಟ್ಟು, ಕೈಮುಗಿದು, ಹೆಂಗಸರ ಗುಂಪಿನಲ್ಲಿ ಕುಳಿತಳು. ಸುರುಳಿ ತೊಡೆಯ ಮೇಲಿತ್ತು.

"ಕುಂದರ್ರಿ ಹೆಗಡೇರ. ಆ ಕಂಬಕ್ಕ ಒರಗರ್ರಿ," ಎಂದಳು ನೆರೆಮನೆಯ ಮುರಿಗೆವ್ವ. ಎಂಬತ್ತರ ಹತ್ತಿರದ ಮುದುಕಿ. ಅತ್ತು ಅತ್ತು ದಣಿದು ಈಗ ಮಾತಿಗೆ ಬಂದಿದ್ದಳು. "ನಮ್ಮ ಮೊಮ್ಮಗ ಗಿರಣಿ ಹಾಕಿದಾಗ ಬೋರ್ಡ ನೋಡಿ ಏನಂದಿದ್ಲು ಗೊತ್ತೇನ್ರಿ? ಗಿರಣಿ ಹಿಟ್ಟಿಂದು, ಅಕ್ಷರ ಬಂಗಾರದಂಗಡಿದು. ಜನ ಜ್ವಾಳದ ಚೀಲ ಹೊತ್ಕೊಂಡು ಹೆದರಿ ವಾಪಸ್ ಹೋಗ್ತಾರ ಅಂದ್ಲು."

"ಅಳಿಸಿ ಬರಸಿದ್ವಲ್ರಿ ಮತ್ತ," ಎಂದ ದ್ಯಾಮಪ್ಪ. ಅವನು ಪಾರ್ವತವ್ವನ ತಮ್ಮ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ನಕ್ಕ. "ಬರಸಿದ ಮ್ಯಾಲೆ ಗಿರಣಿ ಚೊಲೊ ನಡೀತು."

"ನಡೀದ ಏನ ಮಾಡೀತು. ಆಕಿ ಕಣ್ಣ ಬಿದ್ದಿತ್ತಲ್ಲ ಅದರ ಮ್ಯಾಲೆ."

ಎಲ್ಲರೂ ಹೂಂಗುಟ್ಟಿದರು. ಒಂದೊಂದು ಕತೆಯೂ ಲಕ್ಷ್ಮಿಯ ಕಿವಿಗೆ ಬಿಸಿ ಎಣ್ಣೆಯಂತೆ ಬೀಳುತ್ತಿತ್ತು. ಸತ್ತವಳ ಮನೆಯಲ್ಲಿ ಕುಳಿತು ಇದೇನು ಮನಸ್ಸು ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡದ್ದರಿಂದ ಕಡಿಮೆಯೇನೂ ಆಗಲಿಲ್ಲ.

"ಅಕ್ಕಾರ, ಹಾಳಿ ತಂದೀರೇನ್ರಿ?" ದ್ಯಾಮಪ್ಪ ಕೇಳಿದ. "ನಿಮ್ಮ ಪ್ರೆಸ್ಸಿನ ಮಾಸ್ತಿ ಸತ್ತಾಗ ನಮ್ಮಕ್ಕ ಮಾಡಿಸಿದ್ದ ಹಾಳಿ ಇನ್ನೂ ಮಂದಿ ನೆನಸ್ತಾರ. ಆಕಿದೂ ಹಂಗ ಆಗಬೇಕ ನೋಡ್ರಿ."

"ತಂದಿದೇನೆ. ಹೊರಡೋ ಹೊತ್ತಿಗೆ ಕೊಡ್ತೇನೆ," ಎಂದಳು ಲಕ್ಷ್ಮೀ.

ಮುರಿಗೆವ್ವ ಹೆಗಡೆಯವರ ಕಡೆ ತಿರುಗಿದಳು. "ಇಷ್ಟೆಲ್ಲ ಮಾಡಿದಾಕಿನ್ನ, ಕಂಪೂಟರ ಬಂತು ಅಂತ ಬಿಟ್ರಿ ನೀವು."

"ನಾವೆಲ್ಲಿ ಬಿಟ್ವಿ ಮುರಿಗೆವ್ವ?" ಹೆಗಡೆಯವರಿಗೆ ಆ ಮಾತು ತಾಗಿತು. "ಹುಬ್ಬಳ್ಳಿಗೆ ಕಲೀಲಿಕ್ಕೆ ಇಬ್ರನ್ನೂ ಕಳಸ್ತೇನೆ ಅಂದಿದ್ದೆ. ಕೇಳಿ ಬಾ ಅಂತ ಲಕ್ಷ್ಮೀ ಹತ್ರ ಹೇಳಿದ್ದೆ. ಅವಳಿಗೇ ಮನಸ್ಸಿಲ್ಲ ಅಂತ ಬಂದು ಹೇಳಿದ್ಲು. ಅಲ್ದಾ ಲಕ್ಷ್ಮೀ?"

ಲಕ್ಷ್ಮೀ ಸುರುಳಿಯನ್ನು ಇನ್ನೊಂದು ತೊಡೆಗೆ ಸರಿಸಿದಳು. ಭಜನೆಯ ತಾಳ ಅದೇ ಹೊತ್ತಿಗೆ ನಿಂತಿತ್ತು.

"ಹೌದ್ರಿ," ಎಂಬ ದನಿ ಬಾಗಿಲ ಕಡೆಯಿಂದ ಬಂತು. ಪಾರ್ವತವ್ವನ ಮಗಳು ಜ್ಯೋತಿ ಅಲ್ಲಿ ಕುಳಿತು ಬಿಲ್ವಪತ್ರೆ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಅವ್ವಗ ಮನಸ್ಸಿರಲಿಲ್ಲ."

ಲಕ್ಷ್ಮೀ ಅವಳನ್ನೇ ನೋಡಿದಳು. ಯಾಕೆಂದರೆ ಲಕ್ಷ್ಮೀ ಪಾರ್ವತವ್ವನನ್ನು ಕೇಳಿಯೇ ಇರಲಿಲ್ಲ.

*

ಮಾಸ್ತಿ ಪ್ರೆಸ್ಸಿನಲ್ಲಿ ಟ್ರೆಡಲ್ ಎಂಬ ಅಚ್ಚಿನ ಯಂತ್ರ ತುಳಿಯುತ್ತಿದ್ದವನು. ಮೂವತ್ತು ವರ್ಷ ಊರವರ ಹೆಸರನ್ನೆಲ್ಲ ಅಚ್ಚು ಹೊಡೆದಿದ್ದ. ತೊಂಬತ್ತೆರಡರಲ್ಲಿ ಅವನು ಸತ್ತಾಗ, ಅವನು ತನ್ನ ಹೆಸರನ್ನು ಮಾತ್ರ ಒಮ್ಮೆಯೂ ಹೊಡೆದುಕೊಂಡಿರಲಿಲ್ಲ ಎಂದು ಪಾರ್ವತವ್ವ ಹೇಳಿದಳು. ಪದ್ಧತಿ ಶುರುವಾದದ್ದು ಹಾಗೆ. ಲಕ್ಷ್ಮೀ ಸ್ವಚ್ಛವಾದ ಹೊಸ ಮೊಳೆ ಕೊಟ್ಟಳು. ಪಾರ್ವತವ್ವ ಅದನ್ನು ಬದಿಗಿಟ್ಟು, ಹುಳು ತಿಂದು ತೂತು ಬಿದ್ದಿದ್ದ ಹಳೆಯ ಮರದ ಅಕ್ಷರಗಳನ್ನು ತೆಗೆದಳು. ಹಾಳೆಯ ಮೇಲೆ 'ಮಾಸ್ತಿ' ಎಂಬ ಕಪ್ಪಿನ ನಡುನಡುವೆ ಸಣ್ಣ ಸಣ್ಣ ಬಿಳಿ ಚುಕ್ಕೆಗಳು ಉಳಿದವು. ಮಾಸ್ತಿಯ ಮೈಲಿಯ ಕಲೆಯ ಮುಖ ಕಂಡಂತಾಗಿ ಅವನ ಹೆಂಡತಿ ಆ ಹಾಳೆಗೇ ಕೆನ್ನೆ ಹಚ್ಚಿ ಅತ್ತಳು.

ಅಂದು ಲಕ್ಷ್ಮಿಗೆ ಸತ್ತ ಮಾಸ್ತಿಯ ಮೇಲೂ ಹೊಟ್ಟೆಕಿಚ್ಚು ಬಂತು. ತನ್ನ ಹೆಸರಿಗೆ ಅಂಥ ಅಕ್ಷರ ಯಾರು ಆರಿಸಿಯಾರು?

ತೊಂಬತ್ತೆಂಟರಲ್ಲಿ ಹೆಗಡೆಯವರು ಕೇಳಿ ಬಾ ಎಂದಾಗ ಅವಳು ಹಿಂದಿನ ಕೋಣೆಯ ತನಕ ಹೋದಳು. ಪಾರ್ವತವ್ವ ಮೊಳೆ ಒರೆಸುತ್ತ ಏನೋ ಗುನುಗುತ್ತಿದ್ದಳು. ಲಕ್ಷ್ಮೀ ನೀರು ಕುಡಿದು ವಾಪಸು ಬಂದಳು. "ಅವಳಿಗೆ ಮನಸ್ಸಿಲ್ಲೆ ಕಮಲಾಕರಣ್ಣ," ಎಂದಳು. ಅಷ್ಟೇ ಮಾತು. ಒಬ್ಬಳೇ ಹುಬ್ಬಳ್ಳಿಗೆ ಹೋಗಿ, ಮೂರು ತಿಂಗಳಲ್ಲಿ ಕಲಿತು ಬಂದಳು.

ಕಲಿತು ಬಂದ ಮೇಲೆ ಗೊತ್ತಾಯಿತು. ಕಂಪ್ಯೂಟರ್ ಪೆಟ್ಟಿಗೆಯೊಳಗೆ ಅಕ್ಷರ ನೂರಾರು, ಆದರೆ ಯಾವುದು ಎಲ್ಲಿಗೆ ಎಂದು ಅದು ಹೇಳುವುದಿಲ್ಲ. ಹೆಗಡೆಯವರು ನಡೆಸುತ್ತಿದ್ದ ವಾರಪತ್ರಿಕೆಯ ತಲೆಬರಹಗಳನ್ನು ನೋಡಿ ಓದುಗರು ಕಾಗದ ಬರೆದರು, ಪತ್ರಿಕೆಗೆ ಏನಾಗಿದೆ ಎಂದು. ಆಗ ಅವಳು ಒಂದು ಭಾನುವಾರ ಬನವಾಸಿ ಬಸ್ಸು ಹತ್ತಿದಳು. ಒಂದೇ ತಲೆಬರಹವನ್ನು ಐದಾರು ಅಕ್ಷರಗಳಲ್ಲಿ ಹೊಡೆದ ಹಾಳೆಗಳು ಚೀಲದಲ್ಲಿದ್ದವು.

ಪಾರ್ವತವ್ವ ಅವಳಿಗೆ ಚಾ ಕೊಟ್ಟಳು. ಯಾಕೆ ಬಂದಿರಿ ಎಂದು ಕೇಳಲಿಲ್ಲ. ಲಕ್ಷ್ಮೀ ಒಂದೊಂದೇ ಹಾಳೆ ಮುಂದಿಟ್ಟು, ಇದು ಹೀಗೆ, ಇದು ಹಾಗೆ ಎನ್ನುತ್ತ ಹೋದಳು. "ಮೂರನೇದು ಇರ್ಲಿ ಬಿಡ್ರಿ," ಎಂದಳು ಪಾರ್ವತವ್ವ. ಲಕ್ಷ್ಮೀ ಮೂರನೆಯದನ್ನೇ ಹಾಕಿದಳು. ಓದುಗರು ಮೆಚ್ಚಿ ಬರೆದರು. ಆಮೇಲೆ ಹದಿನೈದು ದಿನಕ್ಕೊಂದು ಭಾನುವಾರ ಬನವಾಸಿ ಬಸ್ಸು. ಬರಬರುತ್ತ ಪಾರ್ವತವ್ವ ಹಾಳೆಯ ಕಡೆ ಸರಿಯಾಗಿ ತಿರುಗುವುದೂ ಕಡಿಮೆಯಾಯಿತು. ಮೊರದಲ್ಲಿ ಬೇಳೆ ಆರಿಸುತ್ತಲೇ, "ಎರಡನೇದು," ಎಂದುಬಿಡುತ್ತಿದ್ದಳು. ಅಷ್ಟು ಸುಲಭವಾಗಿ ಅವಳಿಗೆ ತಿಳಿಯುತ್ತದಲ್ಲ ಎಂದು ಲಕ್ಷ್ಮೀ ಬಸ್ಸಿನ ದಾರಿಯುದ್ದಕ್ಕೂ ಕುದಿಯುತ್ತಿದ್ದಳು. ಆರಿಸಿದ್ದು ಯಾರೆಂದು ಪ್ರೆಸ್ಸಿನಲ್ಲಿ ಒಂದು ದಿನವೂ ಬಾಯಿಬಿಡಲಿಲ್ಲ.

*

"ಅಕ್ಕಾರ, ಹಾಳಿಗೆ ಅಂಟು ಕಾಸೀನಿ. ಒಳಗ ಬರ್ರಿ," ಎಂದು ಜ್ಯೋತಿ ಕರೆದಳು.

ಅಡುಗೆಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಸೀಮೆಎಣ್ಣೆಯ ಸ್ಟೋವಿನ ಮೇಲೆ ಮೈದಾದ ಅಂಟು ಕೊತಗುಟ್ಟುತ್ತಿತ್ತು. ಪಕ್ಕದಲ್ಲಿ ಹಾಳೆಯ ಮೇಲಂಚಿಗೆ ಅಂಟಿಸಲು ಸೀಳಿದ ಬಿದಿರ ದಬ್ಬೆ.

"ಜ್ಯೋತಿ," ಎಂದಳು ಲಕ್ಷ್ಮೀ, "ಹುಬ್ಬಳ್ಳಿ ಸಂಗತಿ ನಿಂಗೆ ಗೊತ್ತಿತ್ತಾ?"

"ಅವ್ವಗ ಗೊತ್ತಿತ್ರಿ. ನಿಮ್ಮ ಪ್ರೆಸ್ಸಿನ ಗೋವಿಂದಣ್ಣ ಹೇಳಿದ್ದ."

"ಎಂತ ಅಂದ್ಲು?"

ಜ್ಯೋತಿ ಅಂಟು ತಿರುವಿದಳು. "ನಕ್ಕಳ್ರಿ. ಕೇಳಿದ್ರ ನಾ ಹೂಂ ಅಂತಿದ್ನಲ್ಲ, ಅದಕ್ಕ ಲಕ್ಷ್ಮಕ್ಕ ಕೇಳ್ಲಿಲ್ಲ ಅಂದ್ಲು. ಎರಡು ದಿನ ಉಣ್ಣಲಿಲ್ಲ ಮತ್ತ. ಆಮ್ಯಾಲೆ ಸುಮ್ಮನಾದ್ಲು."

ಲಕ್ಷ್ಮೀ ಗೋಡೆಗೆ ಒರಗಿದಳು. ಹೇಳುವುದಾದರೆ ಎಲ್ಲ ಹೇಳಿಬಿಡುವುದು ಎನಿಸಿತು. "ಇನ್ನೂ ಒಂದಿದೆ. ಪತ್ರಿಕೆಯ ತಲೆಬರಹ ಚೆನ್ನಾಗಿದೆ ಅಂತ ಎಲ್ಲರೂ ನನ್ನ ಹೊಗಳ್ತಾರೆ. ಆರಿಸಿದ್ದು ನಿಮ್ಮವ್ವ. ಹೋದ ವಾರದ ತನಕವೂ."

ಜ್ಯೋತಿಯ ಕೈ ನಿಂತಿತು. ಹೇಳಲೋ ಬೇಡವೋ ಎಂಬಂತೆ ಪಡಸಾಲೆಯ ಕಡೆ ಒಮ್ಮೆ ನೋಡಿದಳು.

"ಅಕ್ಕಾರ, ಅವ್ವಗ ಮೂರು ವರ್ಷದಿಂದ ಕಣ್ಣು ಕಾಣ್ತಿರಲಿಲ್ರಿ. ಸಕ್ರಿ ಕಾಯಿಲೆ ಕಣ್ಣಿಗೆ ಇಳಿದಿತ್ತು. ಬೆಳಕು ಕತ್ತಲಿ ಅಷ್ಟ ತಿಳೀತಿತ್ತು."

"ಎಂತ ಹೇಳ್ತಿದೀಯೆ? ಬೇಳೆ ಆರಿಸ್ತಿದ್ಲು ನನ್ನೆದುರು."

"ಬೆರಳಿಲೆ ಆರಸ್ತಿದ್ಲು. ಮನಿಯೊಳಗ ಎಲ್ಲಾನೂ ಬೆರಳಿಲೇನ."

"ಮತ್ತೆ ಅಕ್ಷರ?"

"ನೀವ ಹೇಳ್ತಿದ್ರಲ್ರಿ. ಒಂದೊಂದು ಹಾಳಿ ಇಟ್ಟು ಏನಾದ್ರೂ ಮಾತಾಡ್ತಿದ್ರಿ. ಯಾವುದಾದ್ರೂ ಒಂದ ಹಾಳಿ ಇಟ್ಟಾಗ ಸುಮ್ಮನಾಗ್ತಿದ್ರಂತ. ಅವ್ವ ಅದನ್ನ ಎಣಸ್ತಿದ್ಲು. ಆಕಿ ಕಣ್ಣಿಗೆ ಯಾವುದು ಹಿಡಿಸೇತಿ ಅದು ನನಗ ಕೇಳಸ್ತೈತಿ ಅಂತಿದ್ಲು. ನಾನು ಬೈದಿದ್ದೆ, ಅವರಿಗೆ ಯಾಕ ಹೇಳಂಗಿಲ್ಲ ಅಂತ. ಹೇಳಿದ್ರ ಬರೂದು ಬಿಡ್ತಾಳ ಅಂದ್ಲು. ನೀವು ಬರೋ ಭಾನುವಾರ ಮುಂಜಾನಿಂದ ಬಸ್ಸಿನ ಸಪ್ಪಳ ಕೇಳ್ತಿದ್ಲು."

ಅಂಟು ತಳ ಹಿಡಿಯುವ ವಾಸನೆ ಬಂತು. ಜ್ಯೋತಿ ಸ್ಟೋವು ಆರಿಸಿದಳು.

ಮೂರು ವರ್ಷದ ತಲೆಬರಹಗಳೆಲ್ಲ ಹಾಗಾದರೆ ತನ್ನವೇ. ತಾನು ಕದ್ದದ್ದು ತನ್ನದನ್ನೇ. ಸಂತೋಷವಾಗಬೇಕಿತ್ತು. ಬದಲಿಗೆ ಲಕ್ಷ್ಮಿಯ ಎದೆಯಲ್ಲಿ ಹಳೆಯದಕ್ಕಿಂತ ಹೆಚ್ಚಿನ ಉರಿ ಎದ್ದಿತು. ತನಗೂ ಕಣ್ಣಿದೆಯೆಂದು ತನಗಿಂತ ಮೊದಲು ಆ ಕುರುಡಿಗೆ ಗೊತ್ತಿತ್ತಲ್ಲ. ತಿಳಿದೂ ತಿಳಿಯದಂತೆ ಕುಳಿತು ಬೇಳೆ ಆರಿಸುತ್ತಿದ್ದಳಲ್ಲ. ಇದರಲ್ಲೂ ಅವಳೇ ಮುಂದೆ.

ಸುರುಳಿ ಬಿಚ್ಚಿದಳು. ಮೇಲಿನ ಸಾದಾ ಹಾಳೆಯನ್ನು ನೆಲದ ಮೇಲೆ ಹರವಿದಳು. "ಇದು ನೋಡು, ಎಲ್ಲದಕ್ಕೂ ಹಾಕ್ತೇವೆ. ದೂರದಿಂದ ಓದಲಿಕ್ಕೆ ಬರ್ತದೆ. ತಪ್ಪೇನೂ ಇಲ್ಲ," ಎಂದಳು. ಪಕ್ಕದಲ್ಲಿ ಇಪ್ಪತ್ತೇಳನೆಯದನ್ನು ಹರವಿದಳು. ಮೂಲೆ ಮಡಚಿಕೊಳ್ಳದಂತೆ ಅಂಗೈಯಿಂದ ಒತ್ತಿ ಹಿಡಿದಳು. ಏನೂ ಹೇಳಲಿಲ್ಲ.

ಜ್ಯೋತಿ ಸ್ವಲ್ಪ ಹೊತ್ತು ಕಾದಳು. "ಇದು ಅನ್ರಿ ನಿಮಗ ಹಿಡಿಸಿದ್ದು," ಎಂದಳು.

"ಇದನ್ನ ನಮ್ಮ ದೀಕ್ಷಿತಾನ ಮದುವೆ ಕಾಗದಕ್ಕೆ ಅಂತ ಇಟ್ಕೊಂಡಿದ್ದೆ. ನಿಮ್ಮವ್ವಗೂ ತೋರಿಸ್ಲಿಲ್ಲ. ಇವತ್ತು ಹಾಕಿದ್ರೆ ಒಂದು ವರ್ಷ ಮದುವೆಗೆ ಹಾಕೂ ಹಾಗಿಲ್ಲ."

"ಅಯ್ಯ, ಹಂಗಾದ್ರ ಬ್ಯಾಡ ಬಿಡ್ರಿ. ಸಾದಾದ್ದ ಇರಲಿ. ಅವ್ವ ಏನೂ ಅನ್ಕೊಳ್ಳಾಂಗಿಲ್ಲ."

ಅವಳು ಏನೂ ಅಂದುಕೊಳ್ಳುವುದಿಲ್ಲ. ಹದಿನಾಲ್ಕು ವರ್ಷವೂ ಅಂದುಕೊಳ್ಳಲಿಲ್ಲ. ಲಕ್ಷ್ಮೀ ಸಾದಾ ಹಾಳೆಯನ್ನು ಎಡಗೈಯಿಂದ ಬದಿಗೆ ಸರಿಸಿದಳು. ಮಾಸ್ತಿಯ ಹಾಳೆಯನ್ನು ಜನ ಹನ್ನೆರಡು ವರ್ಷ ನೆನೆದಿದ್ದಾರೆ. ಇದನ್ನು ಇಪ್ಪತ್ತು ವರ್ಷ ನೆನೆಯಲಿ. ಅದಕ್ಕೆ ಪಾರ್ವತವ್ವನ ಹೆಸರೇ ಬೇಕಾಯಿತಲ್ಲ, ಆಗಲಿ.

"ಅಂಟು ಕೊಡು," ಎಂದಳು.

*

ಪಾರ್ವತವ್ವನನ್ನು ಕೂರಿಸಿದ್ದ ಟ್ರ್ಯಾಕ್ಟರಿನ ಮುಂದೆ ಹಾಳೆಯನ್ನು ಎತ್ತಿ ಹಿಡಿದಾಗ ಅಂಗಳದ ಮಾತು ಕಡಿಮೆಯಾಯಿತು. ದ್ಯಾಮಪ್ಪ ಹತ್ತಿರ ಬಂದು, ಮುಟ್ಟಲು ಕೈ ಚಾಚಿ, ಮುಟ್ಟದೆ ಹಿಂದೆ ತೆಗೆದುಕೊಂಡ.

"ಇದು ನಮ್ಮಕ್ಕ ಆರಿಸಿದ್ದ ನೋಡ್ರಿ. ಹೇಳೂದ ಬ್ಯಾಡ. ನೋಡಿದ ಕೂಡ್ಲೆ ಗೊತ್ತಾಕ್ಕೈತಿ."

"ಹೌದಾ ಲಕ್ಷ್ಮೀ?" ಹೆಗಡೆಯವರು ಕನ್ನಡಕ ಸರಿಮಾಡಿಕೊಂಡರು. "ಇಂಥ ಅಕ್ಷರ ನಮ್ಮಲ್ಲಿ ಇತ್ತಾ? ಅವಳು ಮುಂಚೇನೇ ಆರ್ಸಿ ಇಟ್ಟಿದ್ಲಾ?"

"ಇಲ್ಲ," ಎಂದಳು ಲಕ್ಷ್ಮೀ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಇದು ನಾನು ಆರಿಸಿದ್ದು. ಅವಳು ನೋಡಿರಲಿಲ್ಲ."

ಜ್ಯೋತಿ ದಬ್ಬೆಯ ಇನ್ನೊಂದು ತುದಿ ಹಿಡಿದುಕೊಂಡು ನೆಲ ನೋಡುತ್ತಿದ್ದಳು. ಮುರಿಗೆವ್ವ ಕೋಲೂರಿಕೊಂಡು ಮುಂದೆ ಬಂದು ಹಾಳೆಯನ್ನು ಮೇಲಿನಿಂದ ಕೆಳಗೆ ನೋಡಿದಳು.

"ಅದ ಮತ್ತ. ಹನ್ನೆರಡು ವರ್ಷ ಆಕಿ ಬಾಜೂಕ ಕುಂತು ಕಲ್ತೀರಿ. ಹೆಂಗ ಬರಂಗಿಲ್ಲ?"

ಸುತ್ತಲಿನವರೆಲ್ಲ ಹೌದೌದು ಎಂದರು. ಲಕ್ಷ್ಮಿಯ ತುಟಿಯ ತನಕ ಬಂದಿತ್ತು, ಕಲಿಸಲಿಲ್ಲ, ಯಾರೂ ಕಲಿಸಲಿಲ್ಲ ಎಂದು. ಮುದುಕಿ ಉತ್ತರಕ್ಕೆ ಕಾಯುತ್ತ ಬಾಯಿ ಸ್ವಲ್ಪ ತೆರೆದುಕೊಂಡು ನಿಂತಿದ್ದಳು.

"ಹೌದು," ಎಂದಳು ಲಕ್ಷ್ಮೀ.

ಟ್ರ್ಯಾಕ್ಟರು ಶುರುವಾಯಿತು. ಹೆಗಡೆಯವರು ದನಿ ತಗ್ಗಿಸಿ, "ನಮ್ಮಲ್ಲಿ ಹೆಂಗಸ್ರು ಅಲ್ಲಿ ತನಕ ಹೋಗೂ ಪದ್ಧತಿ ಇಲ್ಲೆ. ಗೋವಿಂದನ ಕೈಲಿ ಕೊಡು," ಎಂದರು. ಪ್ರೆಸ್ಸಿನ ಗೋವಿಂದ ಬಸ್ಸಿನಲ್ಲಿ ಬಂದು ಜನರ ನಡುವೆ ನಿಂತಿದ್ದ.

"ಹಾಳೆ ಆನು ಹಿಡೀತೆ," ಎಂದು ಅವಳು ನಡೆದಳು.

ಹೂಳಲು ತೋಡಿದ ಕುಣಿ ಹೊಲದ ಅಂಚಿನಲ್ಲಿತ್ತು. ಅಯ್ಯನವರು ಮಂತ್ರ ಹೇಳುತ್ತಿದ್ದಂತೆ ಪಾರ್ವತವ್ವನನ್ನು ಇಳಿಸಿ ಕುಳ್ಳಿರಿಸಿದರು. ಉಪ್ಪು, ವಿಭೂತಿ, ಪತ್ರೆ. ಕಡೆಗೆ ಹಾಳೆ ಎಂದರು. ಲಕ್ಷ್ಮೀ ಮತ್ತು ಜ್ಯೋತಿ ಕುಣಿಯ ಬದಿಯಲ್ಲಿ ದಬ್ಬೆಯ ಎರಡು ತುದಿ ಹಿಡಿದು ನಿಂತರು. ಜನರೆಲ್ಲ ಹಾಳೆಯ ಆಚೆಗೆ, ಅವರ ಬೆನ್ನಿಗೆ ಇಳಿಬಿಸಿಲು. ಆ ಬಿಸಿಲು ತೆಳ್ಳನೆಯ ಹಾಳೆಯನ್ನು ತೂರಿ ಈಚೆ ಬರುತ್ತಿತ್ತು. ಎದುರಿನವರು ನೇರವಾಗಿ ಓದುತ್ತಿದ್ದ ಹೆಸರು ಲಕ್ಷ್ಮಿಗೆ ಹಿಂಭಾಗದಿಂದ, ತಿರುವುಮುರುವಾಗಿ ಕಂಡಿತು. ಮೊಳೆ ಜೋಡಿಸಿದ ಕಣ್ಣಿಗೆ ಅಕ್ಷರ ಯಾವಾಗಲೂ ಹಾಗೆಯೇ. ಅವಳು ಬಲದಿಂದ ಎಡಕ್ಕೆ ಒಂದೊಂದಾಗಿ ನೋಡುತ್ತ ಬಂದಳು. 'ರ್ವ' ಮತ್ತು 'ತ'ದ ನಡುವೆ ಜಾಗ ಒಂದು ಕೂದಲೆಳೆಯಷ್ಟು ಹೆಚ್ಚಾಗಿತ್ತು. ಬೆಳಿಗ್ಗೆ ಕಾಣಿಸಿರಲಿಲ್ಲ. ಪ್ರೆಸ್ಸಿನಲ್ಲಾಗಿದ್ದರೆ ಇನ್ನೊಂದು ತೆಗೆಯಬಹುದಿತ್ತು. ಕುಣಿಯೊಳಗೆ ಕುಳಿತವಳಿಗೆ ಕಣ್ಣಿದ್ದ ಕಾಲದಲ್ಲಾಗಿದ್ದರೆ ನೇರವಾಗಿ ಅಲ್ಲಿಯೇ ಬೆರಳಿಡುತ್ತಿದ್ದಳು.

"ಬಿಡ್ರಿ ಅಕ್ಕಾರ," ಎಂದಳು ಜ್ಯೋತಿ. ಅವಳ ತುದಿ ಆಗಲೇ ಕೆಳಗಿಳಿದಿತ್ತು.

ಲಕ್ಷ್ಮೀ ಬಿಟ್ಟಳು. ಹಾಳೆ ಒಮ್ಮೆ ಹೊಯ್ದಾಡಿ, ಪಾರ್ವತವ್ವನ ಮಡಿಲ ಮೇಲೆ, ಅಕ್ಷರ ಮೇಲಾಗಿ, ಕುಳಿತುಕೊಂಡಿತು. ದ್ಯಾಮಪ್ಪ ಬಾಗಿ ಮೊದಲ ಹಿಡಿ ಮಣ್ಣು ಹಾಕಿದ. ಅದು ಸರಿಯಾಗಿ 'ರ್ವ' ಮತ್ತು 'ತ'ದ ನಡುವಿನ ಆ ಸಂದಿಯಲ್ಲಿ ಬಿತ್ತು.